ಏರಿನಲ್ಲಿ ತಡವರಿಸುವ ಗಾಡಿಗಳಿಗೆ ಉಸಿರಣ್ಣನೇ ವೈದ್ಯ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗುಡ್ಡದ ಮೇಲಿನ ಊರಿನ ಕಡಿದಾದ ರಸ್ತೆಯಲ್ಲಿ ಬಿಳಿ ಕಾರೊಂದು ಏರುತ್ತಿದೆ. ಸ್ಟೀರಿಂಗ್ ಹಿಡಿದವರು ಮೆಕ್ಯಾನಿಕ್ಕಿನ ಹೆಂಡತಿ. ಮೆಕ್ಯಾನಿಕ್ ಪಕ್ಕದ ಸೀಟಿನಲ್ಲಿ ಕಣ್ಣು ಮುಚ್ಚಿ, ಡ್ಯಾಶ್‌ಬೋರ್ಡಿನ ಮೇಲೆ ಅಂಗೈಯೂರಿ ಕುಳಿತಿದ್ದಾರೆ. ಕಾರಿನ ಒಡತಿ, ಊರಿನ ಹೆರಿಗೆ ನರ್ಸ್, ಹಿಂದಿನ ಸೀಟಿನಲ್ಲಿ ಚೀಲ ತಬ್ಬಿಕೊಂಡಿದ್ದಾರೆ.

"ಈಗ ಒತ್ತು," ಎನ್ನುತ್ತಾರೆ ಮೆಕ್ಯಾನಿಕ್. ಹೆಂಡತಿ ಆಕ್ಸಿಲರೇಟರ್ ಒತ್ತುತ್ತಾರೆ. ಕಾರು ಕೇಳಿಸಿದರೂ ಕೇಳಿಸದವರ ಹಾಗೆ ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಜರ್ಕ್ ಹೊಡೆದು ಮುಂದೆ ಜಿಗಿಯುತ್ತದೆ. ಮೆಕ್ಯಾನಿಕ್ ಕಣ್ಣು ಬಿಟ್ಟು ನಗುತ್ತಾರೆ. ಕಾಯಿಲೆ ಹೀಗೆ ಎದುರಿಗೇ ಬಂದು ನಿಂತರೆ ಅವರಿಗೆ ಹಿಗ್ಗೋ ಹಿಗ್ಗು.

ಊರವರು ಇವರನ್ನು ಕರೆಯುವುದು ಉಸಿರಣ್ಣ ಎಂದು. ಬಯಲಿನಿಂದ ಮೇಲೆ ಬಂದ ಯಾವ ಗಾಡಿ ಕಂಡರೂ ಅವರ ಬಾಯಲ್ಲಿ ಮೊದಲು ಬರುವ ಮಾತು ಒಂದೇ: "ಇಲ್ಲಿ ಗಾಳಿ ತೆಳು, ಗಾಡಿಗೆ ಉಸಿರು ಸಾಲಲ್ಲ." ಅವರೂ ಬಯಲಿನವರೇ, ಮದುವೆಯಾಗಿ ಇಲ್ಲಿಗೆ ಬಂದ ಮನೆಯಳಿಯ. ಬಂದ ಹೊಸತರಲ್ಲಿ ಮಾವನ ಮನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು. "ಅಳಿಯನಿಗೆ ಪಿಕಪ್ ಇಲ್ಲ ಅಂತ ನಮ್ಮ ಮಾವ ಬೀದಿಗೆಲ್ಲ ಡಂಗುರ ಹೊಡೆದ್ರು. ಗಾಡಿಗಳ ಕಷ್ಟ ನಂಗೆ ಅವತ್ತೇ ಅರ್ಥ ಆಗಿದ್ದು," ಎನ್ನುತ್ತಾರೆ.

ಏರು ಶುರುವಾಗುವಲ್ಲೇ ಅವರ ತಗಡಿನ ಶೆಡ್ಡು. ಬೋರ್ಡಿಲ್ಲ. ಬೆಳಗಿನ ಚಳಿಯಲ್ಲಿ ಸ್ಪ್ಯಾನರ್ ಮುಟ್ಟಿದರೆ ಬೆರಳು ಮರಗಟ್ಟುತ್ತದೆ. ಪರೀಕ್ಷೆಗೆ ಗಾಡಿ ಓಡಿಸುವುದು ಮಾತ್ರ ಯಾವಾಗಲೂ ಹೆಂಡತಿಯೇ. "ಓಡಿಸೋನ ಕಿವಿ ರಸ್ತೆ ಮೇಲಿರುತ್ತೆ, ಎಂಜಿನ್ ಮೇಲಲ್ಲ. ಎರಡೂ ಒಬ್ಬನ ಕೈಲಾಗೋ ಕೆಲಸ ಅಲ್ಲ," ಎಂಬುದು ಉಸಿರಣ್ಣನ ವಾದ. "ಅದೊಂದು ನೆಪ. ಕೂತ್ಕೊಂಡು ಹೋಗೋದು ಅವರಿಗೆ ಇಷ್ಟ," ಎಂಬುದು ಹೆಂಡತಿಯ ವಾದ.

ನರ್ಸ್ ಬಯಲಿನಿಂದ ವರ್ಗವಾಗಿ ಬಂದವರು. ಮೇಲಿನ ಬೀದಿಗಳ ಬಸುರಿಯರಿಗೆ ಇವರೊಬ್ಬರೇ ದಿಕ್ಕು. ಹೋದ ವಾರ ಕಡಿದಾದ ತಿರುವಿನಲ್ಲಿ ಕಾರು ತಡವರಿಸಿ ನಿಂತಾಗ, ಎದುರಿನ ಲಾರಿ ಕನ್ನಡಿಗೆ ಸವರಿಕೊಂಡು ಹೋಯಿತು. "ಇವತ್ತು ಸರಿ ಹೋಗದಿದ್ರೆ ವಾಪಸ್ ಬಯಲಿಗೇ ವರ್ಗ ಮಾಡಿ ಅಂತ ಕೇಳ್ಕೋತೀನಿ ಅಣ್ಣ. ಆ ತಿರುವಲ್ಲಿ ಇನ್ನೊಂದ್ಸಲ ಸಿಕ್ಕಿಹಾಕ್ಕೊಳ್ಳೋಕೆ ನನ್ನಿಂದಾಗಲ್ಲ," ಎನ್ನುತ್ತಾರೆ. ಎಲ್ಲರೂ ಅವರಿಗೆ ಹೇಳಿದ್ದು, ಎತ್ತರದ ಊರು, ಗಾಡಿ ಹೀಗೇ, ಅಭ್ಯಾಸವಾಗುತ್ತದೆ ಎಂದು.

ಉಸಿರಣ್ಣ ಒಪ್ಪುವುದಿಲ್ಲ. "ಎತ್ತರಕ್ಕೆ ಬಂದ ಗಾಡಿ ಸೋಮಾರಿ ಆಗುತ್ತೆ, ನಿಜ. ಆದ್ರೆ ತಡವರಿಸಲ್ಲ. ಸೋಮಾರಿತನ ಬೇರೆ, ತಡವರಿಕೆ ಬೇರೆ."

ಶೆಡ್ಡಿಗೆ ಮರಳಿ ಬಾನೆಟ್ ಎತ್ತುತ್ತಾರೆ. ಪ್ಲಗ್ಗುಗಳು ಚೊಕ್ಕ, ಪೆಟ್ರೋಲಿನ ಒತ್ತಡ ಸರಿ, ಏರ್ ಫಿಲ್ಟರ್ ಹೊಸದರಂತಿದೆ. ಆಗ ಅವರ ಕೈ ಗಾಳಿ ಅಳೆಯುವ ಸೆನ್ಸರಿನ ಮೇಲೆ ಹೋಗುತ್ತದೆ. "ಒಳಗೆ ಹೋಗೋ ಗಾಳಿ ಇಷ್ಟು ಅಂತ ಲೆಕ್ಕ ಒಪ್ಪಿಸೋನು ಇವನು. ಇವನ ಮಾತು ನಂಬಿ ಪೆಟ್ರೋಲ್ ಬರುತ್ತೆ. ಇವನೇ ಸುಳ್ಳು ಹೇಳಿದ್ರೆ?" ಎಂದವರೇ ಅದರ ವಯರನ್ನು ಕಿತ್ತು ಬಿಡುತ್ತಾರೆ. ಈಗ ಕಾರು ತನ್ನ ಅಂದಾಜಿನ ಮೇಲೆ ಓಡಬೇಕು.

ಮತ್ತೆ ಅದೇ ಏರು. ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಹೊತ್ತಿದೆ. ಹೆಂಡತಿ ಒತ್ತುತ್ತಾರೆ. ಜರ್ಕಿಲ್ಲ. ಮತ್ತೊಮ್ಮೆ ಒತ್ತುತ್ತಾರೆ.

"ರೀ, ಎಳೀತಾ ಇದೆ ನೋಡಿ."

ಉಸಿರಣ್ಣ ತೊಡೆ ತಟ್ಟಿಕೊಳ್ಳುತ್ತಾರೆ. ಕಳ್ಳ ಸಿಕ್ಕಿಬಿದ್ದಿದ್ದಾನೆ. ಕೆಳಗಿಳಿದು ಸೆನ್ಸರ್ ಬಿಚ್ಚಿ ಬೆಳಕಿಗೆ ಹಿಡಿದರೆ, ಕೂದಲೆಳೆಯಂಥ ತಂತಿಯ ಮೇಲೆ ಧೂಳಿನ ಪದರ. ಬರುವ ಗಾಳಿಯೇ ಕಡಿಮೆ, ಅದನ್ನೂ ಇನ್ನಷ್ಟು ಕಡಿಮೆ ಮಾಡಿ ಹೇಳುತ್ತಿತ್ತು. ಪೆಟ್ರೋಲು ಸಾಲದೆ ಕಾರು ತಡವರಿಸುತ್ತಿತ್ತು. ಆದರೆ ಫಿಲ್ಟರ್ ಇಷ್ಟು ಚೊಕ್ಕವಾಗಿರುವಾಗ ಧೂಳು ಬಂದದ್ದಾದರೂ ಎಲ್ಲಿಂದ?

ನರ್ಸ್ ಕಾಲ್ಬೆರಳು ನೋಡಿಕೊಳ್ಳುತ್ತಾರೆ. "ಇಲ್ಲಿಗೆ ಬಂದ ಹೊಸದರಲ್ಲಿ ಗಾಡಿ ಮಂಕಾಗಿತ್ತಲ್ಲ, ನಮ್ಮಣ್ಣ ಫಿಲ್ಟರ್ ತೆಗೆದಿಟ್ಟಿದ್ದ. ನೀವು ಬೈತೀರಿ ಅಂತ ನಿನ್ನೆ ವಾಪಸ್ ಹಾಕಿದ್ದಾನೆ. ಗಾಡಿಗೆ ಉಸಿರು ಬೇಕು ಅಂತ ನೀವೇ ಹೇಳಿದ್ರಂತಲ್ಲ."

"ನೆಗಡಿ ಅಂತ ಮೂಗೇ ಕೊಯ್ಕೊಂಡ ಹಾಗಾಯ್ತಲ್ಲ ಸಿಸ್ಟರ್," ಎಂದು ಉಸಿರಣ್ಣ ತಲೆ ಚಚ್ಚಿಕೊಳ್ಳುತ್ತಾರೆ. ಹೆಂಡತಿ ಬಿಟ್ಟಾರೆಯೇ? "ಅರ್ಧ ಮಾತಾಡಿದ್ರೆ ಹೀಗೇ. ಇನ್ಮೇಲೆ ಪೂರ್ತಿ ಹೇಳಿ," ಎನ್ನುತ್ತಾರೆ. ಮೂವರೂ ನಗುತ್ತಾರೆ. ಆದರೂ ಉಸಿರಣ್ಣನ ಮುಖದಲ್ಲಿ ಆ ಲಾರಿಯ ನೆರಳು ಹಾದುಹೋಗುತ್ತದೆ. ತನ್ನ ಮಾತೇ ಒಬ್ಬರ ಜೀವಕ್ಕೆ ಎರವಾಗಬಹುದಿತ್ತು ಎಂಬ ಸಂಕಟ ಅದು.

ಧೂಳು ತೊಳೆಯುವ ಸ್ಪ್ರೇ ಹೊಡೆದು, ತಂತಿ ಮುಟ್ಟದೆ ಒಣಗಿಸಿ, ಸೆನ್ಸರನ್ನು ಜಾಗಕ್ಕೆ ಕೂರಿಸುತ್ತಾರೆ. ಈ ಸಲ ಹೆಂಡತಿ ಸ್ಟೀರಿಂಗ್ ಮುಟ್ಟುವುದಿಲ್ಲ. ಕೀಲಿ ನರ್ಸ್ ಕೈಗೆ ಹೋಗುತ್ತದೆ. ಅವರು ಒಬ್ಬರೇ ಹೊರಡುತ್ತಾರೆ. ಮೇಲಿನ ಬೀದಿಯಲ್ಲಿ ದಿನ ತುಂಬಿದ ಹೆಣ್ಣುಮಗಳೊಬ್ಬಳು ಕಾಯುತ್ತಿದ್ದಾಳೆ.

ಗಂಡ ಹೆಂಡತಿ ಶೆಡ್ಡಿನ ಬಾಗಿಲಲ್ಲಿ ಕಿವಿಗೊಟ್ಟು ನಿಂತಿದ್ದಾರೆ. ಕಾರು ಕಾಣುವುದಿಲ್ಲ, ಸದ್ದಷ್ಟೇ. ತಿರುವು ಬಂತು. ಗೇರು ಬಿತ್ತು. ಎಂಜಿನ್ನಿನ ದನಿ ಎಲ್ಲೂ ತುಂಡಾಗದೆ ಮೇಲೇರಿ, ಮನೆಗಳ ಹಿಂದೆ ಕರಗುತ್ತದೆ.

"ಮೇಲೆ ಮಗು ಹುಟ್ಟಿದ್ರೆ ನಂಗೆ ಯಾರೂ ಬಂದು ಹೇಳಲ್ಲ, ಹೇಳೋದೂ ಬೇಡ," ಎನ್ನುತ್ತಾರೆ ಉಸಿರಣ್ಣ, ಕೈಯ ಮಸಿ ಒರೆಸಿಕೊಳ್ಳುತ್ತ. "ಆ ತಿರುವಲ್ಲಿ ಗಾಡಿ ನಿಲ್ಲದೆ ಹೋಗಿದ್ದು ಕೇಳಿಸಿದ್ರೆ ಸಾಕು, ಸಿಸ್ಟರ್ ಹೊತ್ತಿಗೆ ಸರಿಯಾಗಿ ಮುಟ್ಟಿದ್ರು ಅಂತ ನಂಗೆ ಗೊತ್ತಾಗುತ್ತೆ."