ತೊಮೆಕೊಗೆ ದನಿ ಕೊಟ್ಟವಳು

ಹೊಸಪೇಟೆಯಲ್ಲಿ ರೇಣುಕಾದೇವಿಯ ಮುಖ ಗೊತ್ತಿದ್ದವರು ನೂರು ಜನ ಸಿಕ್ಕರೆ ಹೆಚ್ಚು. ದನಿ ಗೊತ್ತಿಲ್ಲದವರು ಮಾತ್ರ ಒಬ್ಬರೂ ಇರಲಿಕ್ಕಿಲ್ಲ. ಸೀರೆ ಸೇಲು, ಭಾನುವಾರ ಬರುವ ಹಲ್ಲಿನ ಡಾಕ್ಟರು, ಎರಡು ದಿನ ನಲ್ಲಿ ನೀರು ಬರುವುದಿಲ್ಲ ಎಂಬ ಸುದ್ದಿ, ದರೋಜಿ ಕಡೆ ಹೊಲಕ್ಕೆ ಕರಡಿ ಇಳಿದಿದೆ ಜೋಪಾನ ಎಂಬ ಎಚ್ಚರಿಕೆ, ಹೀಗೆ ಆಟೋದ ನೆತ್ತಿಯ ಮೈಕಿನಲ್ಲಿ ಕೂತು ಹೊಸಪೇಟೆಯಿಂದ ಕಂಪ್ಲಿಯವರೆಗೆ ಓಣಿ ಓಣಿ ಸುತ್ತುವ ದನಿ ಅವಳದೇ. ಮಧ್ಯಾಹ್ನ ಮಲಗಿದವರು ಅದನ್ನು ಕೇಳಿ ಶಾಪ ಹಾಕುತ್ತಾರೆ, ಮಕ್ಕಳು ಅಣಕಿಸುತ್ತಾರೆ. ಯಾರ ದನಿ, ಯಾವೂರಿನವಳು, ಯಾರ ಮಗಳು ಎಂದು ಕೇಳುವವರಿಲ್ಲ. ಕೇಳದಿದ್ದರೇ ಒಳ್ಳೆಯದು ಎಂದು ಅವಳ ಎಣಿಕೆ.

ಬಸ್ ಸ್ಟ್ಯಾಂಡಿನ ಹಿಂದೆ, ಜೆರಾಕ್ಸ್ ಅಂಗಡಿಯ ಮಾಳಿಗೆಯ ಮೇಲೆ ಜಂಬುನಾಥನ ರೆಕಾರ್ಡಿಂಗ್ ರೂಮು. ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿದ ಆ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ರೇಣುಕಾ ಮೈಕಿನ ಮುಂದೆ ಕೂರುತ್ತಾಳೆ. ಅಂಗಡಿಯವರು ತಮ್ಮ ಜಾಹೀರಾತನ್ನು ಬಾಯಿಗೆ ಬಂದಂತೆ ಬರೆದುಕೊಂಡು ಬರುತ್ತಾರೆ. ‘ಕಂಪ್ಲಿ ರೈಸ್ ಮಿಲ್ಲಿಗೆ ಹೆಣ್ಣಾಳು ಬೇಕಾಗ್ಯಾರ, ಜಲ್ದಿ ಬರ್ರಿ’ ಎಂದು ಚೀಟಿಯಲ್ಲಿದ್ದರೆ, ಅವಳ ಕಣ್ಣು ಅದನ್ನು ನೋಡುವಷ್ಟರಲ್ಲಿ ಬಾಯಿ ‘ಮಹಿಳಾ ಕಾರ್ಮಿಕರು ಬೇಕಾಗಿದ್ದಾರೆ, ಕೂಡಲೇ ಸಂಪರ್ಕಿಸಿ’ ಎಂದು ಮುಗಿಸಿರುತ್ತದೆ. ತಿದ್ದಿ ಬರೆಯುವ ತಾಪತ್ರಯವೇ ಇಲ್ಲ. ಓದುತ್ತಲೇ ತಿದ್ದುವುದು ಅವಳ ಕಸುಬು, ಅದಕ್ಕೇ ಅವಳಿಗೆ ಬೆಲೆ. “ನಮ್ಮ ರೇಣುಕಾನ ಬಾಯಾಗ ಹೊಕ್ರ ಎಂಥಾ ಮಾತೂ ಜಳಕಾ ಮಾಡಿ ಬರ್ತೈತ್ರಿ” ಎಂದು ಜಂಬುನಾಥ ಗಿರಾಕಿಗಳ ಮುಂದೆ ಹೊಗಳುತ್ತಿದ್ದ.

ಈ ಜಳಕದ ಹಿಂದೆ ಒಂದು ಕಥೆ ಇತ್ತು. ರೇಣುಕಾ ಕಂಪ್ಲಿಯವಳು. ಅಪ್ಪ ಸುಂಕಪ್ಪ ರೈಸ್ ಮಿಲ್ಲಿನಲ್ಲಿ ಮೂಟೆ ಹೊತ್ತು ಹೊತ್ತು ಬೆನ್ನು ಬಾಗಿಸಿಕೊಂಡು ತೀರಿಹೋದವನು, ಅವ್ವ ಎರ್ರೆಮ್ಮ ಇಂದಿಗೂ ಕಾಲುವೆ ಕೆಳಗಿನ ಗದ್ದೆಗಳಲ್ಲಿ ನಾಟಿ ಹಚ್ಚುವವಳು. ಏಳನೇ ಇಯತ್ತೆಯಲ್ಲಿ ಪಾಠ ಓದಲು ಎದ್ದು ನಿಂತ ಹುಡುಗಿ ಎರಡು ಸಾಲು ಓದುವಷ್ಟರಲ್ಲಿ ಮೇಷ್ಟರು ಪುಸ್ತಕ ಮುಚ್ಚಿಸಿದರು. “ಇದು ಸಾಲಿ. ನಿಮ್ಮ ಕೇರಿ ಮಾತು ಕೇರ್ಯಾಗ ಬಿಟ್ಟು ಬಾ” ಎಂದರು. ಇಡೀ ಕ್ಲಾಸು ನಕ್ಕಿತು. ಆ ಮೇಷ್ಟರ ಸ್ವಂತ ಬಾಯಿ ಎಷ್ಟು ಶುದ್ಧವಾಗಿತ್ತೋ ದೇವರೇ ಬಲ್ಲ. ಹುಡುಗಿ ಮಾತ್ರ ಅವತ್ತೇ ಹಟ ಹಿಡಿದಳು. ರೇಡಿಯೋ ವಾರ್ತೆ ಕೇಳಿ ಕೇಳಿ, ಒಬ್ಬಳೇ ಕಾಲುವೆ ದಂಡೆಯಲ್ಲಿ ಕೂತು ಒಪ್ಪಿಸಿ ಒಪ್ಪಿಸಿ, ನಾಲಿಗೆಯನ್ನು ಉಜ್ಜಿ ತೊಳೆದಳು. ಅಂಥ ಕನ್ನಡ ಆಡುವವಳ ಮನೆ ಎಲ್ಲಿ ಎಂದು ಆಮೇಲೆ ಯಾರೂ ಊಹಿಸಲಿಲ್ಲ.

ಎರಡು ವರ್ಷದ ಹಿಂದೆ ಬೆಂಗಳೂರಿನ ಒಂದು ಸ್ಟುಡಿಯೋ ಫೋನಿನಲ್ಲೇ ಅವಳನ್ನು ಹುಡುಕಿ ಹಿಡಿಯಿತು. ಜಪಾನಿನ ಅನಿಮೆ, ಅಂದರೆ ಕಾರ್ಟೂನ್ ಧಾರಾವಾಹಿ, ಒಂದನ್ನು ಕನ್ನಡಕ್ಕೆ ಡಬ್ ಮಾಡುತ್ತಿದ್ದರು. ಹೈಸ್ಕೂಲಿನ ಪ್ರೇಮದ ತಮಾಷೆ ಕಥೆ. ದೊಡ್ಡ ಕಣ್ಣಿನ ಹುಡುಗ, ದೊಡ್ಡ ಕಣ್ಣಿನ ಹುಡುಗಿ, ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಜೀವ, ಹೇಳಲು ಮಾತ್ರ ಇಬ್ಬರಿಗೂ ಬಾಯಿಲ್ಲ. ಅದರಲ್ಲಿ ರೇಣುಕಾಳ ಪಾಲಿಗೆ ಬಂದದ್ದು ನಾಯಕಿಯ ಗೆಳತಿ ತೊಮೆಕೊ. ಚೀಟಿ ಮುಟ್ಟಿಸುವವಳು, ಮೆಟ್ಟಿಲ ಮೇಲೆ ಜಾರಿ ಬೀಳುವವಳು, ಬಿದ್ದಲ್ಲೇ ನಗುವವಳು. ರೇಣುಕಾಗೆ ಅವಳು ಹೊಸಬಳೆನ್ನಿಸಲಿಲ್ಲ. ಪಿಯುಸಿಯಲ್ಲಿ ಗೆಳತಿ ಪೂಜಿತಾ ಬರೆದ ಚೀಟಿಗಳನ್ನು ಸಹಪಾಠಿ ಹಂಪೇಶನಿಗೆ ಮುಟ್ಟಿಸಿದವಳು, ಹಂಪೇಶ ತನ್ನ ಮುಖವನ್ನೊಮ್ಮೆ ನೋಡಲಿ ಎಂದು ಆಸೆಪಟ್ಟವಳು, ಅವರಿಬ್ಬರ ಮದುವೆಯಲ್ಲಿ ಊಟದ ಎಲೆ ಹಾಕಿದವಳು ರೇಣುಕಾಳೇ. ಅದಾಗಿ ಹದಿನಾಲ್ಕು ವರ್ಷ. ಬೇರೆ ಯಾರೂ ಅವಳ ಮುಖ ನೋಡಲಿಲ್ಲ, ಅವಳೂ ತೋರಿಸಲಿಲ್ಲ.

ಧಾರಾವಾಹಿ ಬಂದದ್ದೇ ತಡ, ನಾಯಕಿಯನ್ನು ಬಿಟ್ಟು ಜನ ತೊಮೆಕೊಳ ಹಿಂದೆ ಬಿದ್ದರು. ಅವಳ ಬಿದ್ದು ಬಿದ್ದು ನಗುವ ನಗು ಮೊಬೈಲಿನಿಂದ ಮೊಬೈಲಿಗೆ ಹಾರಿತು. ಹಂಪಿಯಲ್ಲಿ ಪ್ರವಾಸಕ್ಕೆ ಬಂದ ಕಾಲೇಜು ಹುಡುಗಿಯರು ಕಲ್ಲಿನ ಮಂಟಪದಲ್ಲಿ ಕೂತು ಆ ನಗು ನಕ್ಕು ವಿಡಿಯೋ ಮಾಡುವುದನ್ನು ರೇಣುಕಾ ಕಣ್ಣಾರೆ ಕಂಡಳು. ಅವರ ಪಕ್ಕದಲ್ಲೇ ನಿಂತಿದ್ದಳು, ಅದು ನನ್ನ ನಗು ಅನ್ನಲಿಲ್ಲ.

ಹೋದ ಶ್ರಾವಣದಲ್ಲಿ ಸುದ್ದಿ ಬಂತು. ಜಪಾನಿನವರು ಅದೇ ಕಥೆಯ ಕೊಂಬೆಯೊಂದನ್ನು ಬೇರೆಯಾಗಿ ಬೆಳೆಸಿದ್ದರು, ತೊಮೆಕೊಳ ಹೆಸರಿನಲ್ಲೇ ಹೊಸ ಧಾರಾವಾಹಿ. ಅದೇ ಶಾಲೆ, ಅದೇ ಮೆಟ್ಟಿಲು, ಆದರೆ ಈ ಸಲ ಚೀಟಿ ಬರುವುದು ತೊಮೆಕೊಗೆ. ರೇಣುಕಾ ಆ ದಿನ ಊಟ ಮಾಡಲಿಲ್ಲ. ಮೂವತ್ಮೂರು ವರ್ಷದ ಹೆಂಗಸು, ಕಾಗದದ ಮೇಲಿನ ಗೊಂಬೆಯೊಂದಕ್ಕೆ ಪ್ರೀತಿ ಸಿಗುತ್ತದೆಂದು ಜೆರಾಕ್ಸ್ ಅಂಗಡಿಯ ಮಾಳಿಗೆಯ ಮೇಲೆ ಕೂತು ಅತ್ತಳು. ಬೇಕಾದರೆ ನಗಿ. ಆ ಗೊಂಬೆಯ ಬಾಯಿಂದ ‘ನಿನ್ನನ್ನು ಕಂಡರೆ ನನಗೆ ಇಷ್ಟ’ ಎಂದು ಹೇಳುವುದು ತಾನೇ ಆಗಬೇಕು. ಜೀವನದಲ್ಲಿ ಅವಳಿಗೆ ಬೇಕಾಗಿದ್ದದ್ದು ಅದೊಂದೇ.

ಹೊಸ ಧಾರಾವಾಹಿಗೆ ದನಿಗಳನ್ನು ಹೊಸದಾಗಿಯೇ ಆರಿಸಬೇಕೆಂದು ಸ್ಟುಡಿಯೋದವರು ದನಿ ಕೊಡುವವರೆಲ್ಲರಿಗೂ ಪರೀಕ್ಷೆಗೆ ಒಂದು ದೃಶ್ಯ ಕಳಿಸಿದರು. ಶಾಲೆಯ ಹಿಂದಿನ ಮೆಟ್ಟಿಲು, ಹುಡುಗ ತೊಮೆಕೊಳ ಬುತ್ತಿ ತಿಂದುಬಿಟ್ಟಿದ್ದಾನೆ, ಅವಳು ರೇಗುತ್ತಾಳೆ. ಕಾಗದದಲ್ಲಿ ಹೀಗಿತ್ತು: ‘ಏ ಯಪ್ಪಾ, ನನ್ನ ಬುತ್ತಿ ಯಾಕ ತಿಂದಿ? ನಾ ಉಪಾಸ ಸಾಯ್ಲೇನ?’ ಹನ್ನೊಂದು ವರ್ಷ ಚೀಟಿಗಳನ್ನು ತೊಳೆದ ಬಾಯಿ ಅದು. ರೇಣುಕಾ ಎರಡು ಸಲ ಯೋಚಿಸಲೇ ಇಲ್ಲ. ‘ಅಯ್ಯೋ, ನನ್ನ ಬುತ್ತಿಯನ್ನು ಏಕೆ ತಿಂದೆ? ನಾನು ಉಪವಾಸ ಸಾಯಬೇಕೇ?’ ಎಂದು ಸ್ಫುಟವಾಗಿ, ಅಂದವಾಗಿ, ಒಂದಕ್ಷರ ಸೋರದಂತೆ ಓದಿ, ಎಲ್ಲರಿಗಿಂತ ಮೊದಲು ಕಳಿಸಿದಳು. ಬರೆದವನಾರೋ ಅವಸರದಲ್ಲಿ ಗೀಚಿದ್ದಾನೆ, ಸರಿ ಮಾಡಿಕೊಟ್ಟದ್ದಕ್ಕೆ ಖುಷಿಪಟ್ಟಾರು ಎಂದುಕೊಂಡಿದ್ದಳು.

ನಾಲ್ಕನೇ ದಿನ ಡಬ್ಬಿಂಗ್ ನಿರ್ದೇಶಕ ಹಾಲೇಶ್ ಫೋನು ಮಾಡಿದ.

“ರೇಣುಕಾ ಅವರೇ, ಬೇಜಾರು ಮಾಡ್ಕೋಬೇಡಿ. ಈ ತೊಮೆಕೊ ಗುಡ್ಡದ ಹಳ್ಳಿಯಿಂದ ಪಟ್ಟಣದ ಶಾಲೆಗೆ ಬಂದ ಹುಡುಗಿ. ಎಲ್ಲರ ಮುಂದೆ ನೀಟಾಗಿ ಮಾತಾಡ್ತಾಳೆ, ಆ ಹುಡುಗನ ಎದುರು ಮಾತ್ರ ಅವಳ ಊರ ಭಾಷೆ ತಪ್ಪಿ ಹೊರಗೆ ಬರುತ್ತೆ. ಅವನಿಗೆ ಇಷ್ಟವಾಗೋದೇ ಅದು. ಅದಕ್ಕೇ ಬಳ್ಳಾರಿ ಕಡೆ ಕನ್ನಡ ಬರೆಸಿದ್ವಿ. ನೀವು ವಾರ್ತೆ ಓದಿದ ಹಾಗೆ ಓದಿದ್ದೀರ. ಆ ಕಡೆಯ ಮಣ್ಣಿನವರೇ ಯಾರಾದರೂ ಬೇಕು ನಮಗೆ.”

“ಸರ್, ನಾನು ಕಂಪ್ಲಿಯವಳು” ಎಂದಳು ರೇಣುಕಾ.

“ಹೌದಾ? ನಿಮ್ಮ ಮಾತು ಕೇಳಿದ್ರೆ ಅನ್ನಿಸೋದೇ ಇಲ್ಲ!” ಹಾಲೇಶ್ ಮೆಚ್ಚುಗೆಯಿಂದಲೇ ಅಂದ. “ಹಾಗಾದ್ರೆ ಈಗಲೇ ಒಂದು ಸಲ ಹೇಳಿಬಿಡಿ, ಕೇಳೋಣ.”

ಅವಳು ಬಾಯಿ ತೆರೆದಳು. ಏ ಯಪ್ಪಾ, ಅಷ್ಟೇ. ಮುಂದಿನದಕ್ಕೆ ನಾಲಿಗೆ ತಿರುಗಲಿಲ್ಲ. ಕಿವಿಯಲ್ಲಿ ಒಂದು ಕ್ಲಾಸು ಹುಡುಗರು ನಕ್ಕ ಸದ್ದು. ಹೇಗೋ ನೂಕಿ ಹೊರಗೆ ತಂದ ಮಾತು ನಾಟಕದ ಹಳ್ಳಿ ಗಮಾರನ ಮಾತಿನಂತೆ ಕೇಳಿತು. ಹಾಲೇಶ್ ಒಳ್ಳೆಯವನು. ಸೋಮವಾರದವರೆಗೆ ಸಮಯ ಕೊಡುತ್ತೇನೆ, ಅಭ್ಯಾಸ ಮಾಡಿ ಕಳಿಸಿ ಎಂದ. ಸ್ವಂತ ತಾಯ್ಮಾತನ್ನು ಅಭ್ಯಾಸ ಮಾಡಲು ಅವಳಿಗೆ ಮೂರು ದಿನ ಸಿಕ್ಕಿತು.

ಶನಿವಾರ ಬೆಳಿಗ್ಗೆ ಕಂಪ್ಲಿ ಬಸ್ಸು ಹತ್ತಿದಳು. ಅವ್ವನ ಜೊತೆ ಎರಡು ದಿನ ಕೂತರೆ ಸಾಕು, ಮಾತು ತಾನೇ ಮರಳಿ ಬರುತ್ತದೆ ಎಂಬ ಧೈರ್ಯ. ಕಬ್ಬಿನ ಗಾಡಿಗಳ ಹಿಂದೆ ಸಿಕ್ಕಿಕೊಂಡ ಬಸ್ಸಿನಲ್ಲಿ ‘ಬುತ್ತಿ ಯಾಕ ತಿಂದಿ’ ಎಂದು ತುಟಿಯಲ್ಲೇ ಹೇಳಿಕೊಳ್ಳುತ್ತ ಬಂದಳು. ಪಕ್ಕದಲ್ಲಿದ್ದ ಮುದುಕಿ ತನ್ನ ಗಂಟನ್ನು ಇನ್ನೊಂದು ಮಗ್ಗುಲಿಗೆ ಸರಿಸಿಕೊಂಡಳು.

ಕೇರಿಯ ತಿರುವಿನಲ್ಲೇ ಅವ್ವನ ದನಿ ಕೇಳಿಸಿತು. ಪಕ್ಕದ ಮನೆಯ ದುರ್ಗಕ್ಕನ ಜೊತೆ ಕಟ್ಟೆಯ ಮೇಲೆ ಕೂತು ಎರ್ರೆಮ್ಮ ಅಕ್ಕಿ ಹಸನು ಮಾಡುತ್ತಿದ್ದಳು. “ಏ ದುರ್ಗಿ, ನಿನ್ನ ಸೊಸಿ ಹಿಂಗ ಮಾರಿ ಊದಿಸ್ಕೊಂಡು ಕುಂತ್ರ ನೀ ಯಾಕ ಹೆದರಾಕತ್ತಿ? ಅಕಿ ಊದ್ಲಿ ಬಿಡು, ಒಲಿ ಊದಾಕರ ಬರ್ತಾಳ!” ಎಂದು ಹೇಳಿ ಊರಿಗೆಲ್ಲ ಕೇಳುವಂತೆ ನಕ್ಕಳು. ಬಿದ್ದು ಬಿದ್ದು ನಗುವ ನಗು. ರೇಣುಕಾಗೆ ಕಣ್ಣು ತುಂಬಿ ಬಂತು. ತೊಮೆಕೊಗೆ ತಾನು ಕೊಟ್ಟದ್ದು ಯಾರ ನಗು ಎಂದು ಅವತ್ತಿನವರೆಗೂ ಅವಳಿಗೇ ಗೊತ್ತಿರಲಿಲ್ಲ. ಇಲ್ಲಿದೆ ನೋಡು, ಎಲ್ಲ ಇಲ್ಲೇ ಇದೆ ಎಂದುಕೊಂಡು ಬೀಸುಹೆಜ್ಜೆ ಹಾಕಿ ನಡೆದಳು.

ಮಗಳನ್ನು ಕಂಡದ್ದೇ ಎರ್ರೆಮ್ಮ ಮೊರ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

“ಬಂದೆಯಾ ಮಗಳೇ? ಪ್ರಯಾಣ ಚೆನ್ನಾಗಿತ್ತೇ? ಒಳಗೆ ಕುಳಿತುಕೋ, ನೀರು ತರುತ್ತೇನೆ.”

ರೇಣುಕಾ ನಿಂತಲ್ಲೇ ನಿಂತಳು. ಅವ್ವ ಹೀಗೆ ಮಾತಾಡುವುದು ಇವತ್ತಿನದಲ್ಲ. ಎಷ್ಟೋ ವರ್ಷದಿಂದ ಹೀಗೇ. ಅವಳು ಅದನ್ನು ಕೇಳಿರಲೇ ಇಲ್ಲ, ಅಷ್ಟೇ. ಎಲ್ಲವೂ ಸರಿಯಾಗಿ ಕೇಳಿಸುತ್ತಿದ್ದಾಗ ಯಾರು ಕಿವಿಗೊಡುತ್ತಾರೆ?

“ಅವ್ವಾ, ನನ್ನ ಜೊತಿ ಯಾಕ ಹಿಂಗ ಮಾತಾಡ್ತಿ? ದುರ್ಗಕ್ಕನ ಕೂಡ ಮಾತಾಡಿದಂಗ ಮಾತಾಡು” ಎಂದಳು. ಅವಳ ಬಾಯಲ್ಲಿ ಅದು ಅಣಕಿಸಿದಂತೆ ಕೇಳಿತೋ ಏನೋ, ಎರ್ರೆಮ್ಮನ ಮುಖ ಸಣ್ಣದಾಯಿತು. ದುರ್ಗಕ್ಕ ತನ್ನ ಮೊರ ಎತ್ತಿಕೊಂಡು ಸದ್ದಿಲ್ಲದೆ ಒಳಗೆ ಹೋದಳು.

“ತಪ್ಪಾಗಿದೆಯೇ? ಎಲ್ಲಿ ತಪ್ಪಾಯಿತು ಹೇಳು, ಸರಿಮಾಡಿಕೊಳ್ಳುತ್ತೇನೆ” ಎಂದಳು ಎರ್ರೆಮ್ಮ. ಆಮೇಲೆ ನಾಚುತ್ತ, “ನಿನ್ನ ಆಟೋ ಓಣಿಗೆ ಬಂದಾಗಲೆಲ್ಲ ಹಿಂದೆ ಹಿಂದೆ ಹೋಗಿ ಕೇಳಿ ಕಲಿತೆ. ನಾಲ್ಕು ಜನರ ಮುಂದೆ ನಿನಗೆ ನನ್ನಿಂದ ಅವಮಾನ ಆಗಬಾರದು” ಎಂದಳು.

ಆಗ ರೇಣುಕಾಗೆ ನೆನಪಾಯಿತು. ಒಂಬತ್ತು ವರ್ಷದ ಹಿಂದೆ ಅವ್ವ ರೊಟ್ಟಿಯ ಗಂಟು ಹಿಡಿದು ಜಂಬುನಾಥನ ರೂಮಿಗೆ ಬಂದಿದ್ದಳು. ಒಳಗೆ ಗಿರಾಕಿಗಳು ಕೂತಿದ್ದರು. “ನನ್ನ ಮಗಳು ಎಲ್ಲೈತ್ರಿ ಯಪ್ಪಾ” ಎಂದು ಬಾಗಿಲಲ್ಲೇ ಕೂಗಿದ ಅವ್ವನನ್ನು ರೇಣುಕಾ ಮೆಟ್ಟಿಲ ಕೆಳಗೆ ಕರೆದುಕೊಂಡು ಹೋಗಿ, “ಇಲ್ಲಿ ಹಾಗೆಲ್ಲ ಮಾತಾಡಬೇಡ ಅವ್ವಾ. ಬರದಿದ್ದರೆ ಸುಮ್ಮನಿರು” ಎಂದಿದ್ದಳು. ಅವತ್ತಿನ ಮೇಷ್ಟರಿಗಾದರೂ ರೇಣುಕಾ ಪರರ ಮಗಳು. ಇವಳು ಹೆತ್ತವಳ ಪುಸ್ತಕವನ್ನೇ ಮುಚ್ಚಿಸಿದ್ದಳು. ಅವ್ವ ರೊಟ್ಟಿ ಕೊಟ್ಟು, ಬಸ್ಸು ಹತ್ತಿ ಹೋಗಿದ್ದಳು. ಸುಮ್ಮನಿರಲು ಮನಸ್ಸಾಗಲಿಲ್ಲ ಆ ತಾಯಿಗೆ, ಮಗಳ ಜೊತೆ ಮಾತಾಡುವ ಆಸೆ ಇತ್ತು. ಅದಕ್ಕೆ ಕಲಿತಳು.

ಎರಡು ದಿನ ರೇಣುಕಾ ಪ್ರಯತ್ನ ಮಾಡಿದಳು. ಅವ್ವನನ್ನು ಕೆಣಕಿದಳು, ಸಾರಿಗೆ ಉಪ್ಪಿಲ್ಲ ಎಂದಳು, ಜಗಳಕ್ಕೆ ಕರೆದಳು. “ಕ್ಷಮಿಸು ಮಗಳೇ, ಮರೆತುಹೋಯಿತು” ಎಂದಳು ಎರ್ರೆಮ್ಮ. ನಾಟಿಗೆ ಹೋದ ಹೆಂಗಸರ ಹಿಂದೆ ಬದುವಿನ ಮೇಲೆ ಕೂತಳು. ಅವಳು ಬಂದದ್ದೇ ಹಾಡು, ಬೈಗುಳ, ಚೇಷ್ಟೆ ಎಲ್ಲ ನಿಂತು, “ಬಿಸಿಲಾಗ ಯಾಕ ಕುಂದ್ರತೀರಿ, ಮನಿಗಿ ಹೋಗ್ರಿ ಮೇಡಂ” ಎಂದರು. ಒಂದು ಕಾಲಕ್ಕೆ ಅವರೇ ಇವಳ ಮೂಗು ಒರೆಸಿದವರು.

ಭಾನುವಾರ ಸಂಜೆ ಅಟ್ಟದ ಕೆಳಗೆ ಕೌದಿ ಹೊದ್ದು, ಮೊಬೈಲನ್ನು ಬಾಯಿಯ ಹತ್ತಿರ ಹಿಡಿದು, ಆ ದೃಶ್ಯವನ್ನು ಹದಿನೇಳು ಸಲ ಓದಿದಳು. ಬುತ್ತಿ ಯಾಕ ತಿಂದಿ. ನಾ ಉಪಾಸ ಸಾಯ್ಲೇನ. ಪ್ರತಿ ಸಲವೂ ಅಕ್ಷರ ಸರಿ, ಏರಿಳಿತ ಸರಿ, ಜೀವ ಮಾತ್ರ ಇಲ್ಲ. ಹದಿನೇಳನೆಯದನ್ನು ಕಳಿಸಿದಳು.

ಸೋಮವಾರ ಹತ್ತು ಗಂಟೆಗೆ ಹಾಲೇಶನ ಫೋನು ಬಂತು. “ತುಂಬಾ ಶ್ರಮ ಪಟ್ಟಿದ್ದೀರ ರೇಣುಕಾ ಅವರೇ. ಆದ್ರೆ ಎಲ್ಲೋ ಅನುಕರಣೆ ಅನ್ನಿಸ್ತು. ಇಲ್ಲೇ ಬೆಂಗಳೂರಿನ ಒಬ್ಬ ಹುಡುಗಿ, ನಾಟಕದವಳು, ಅದ್ಭುತವಾಗಿ ಮಾಡಿದ್ದಾಳೆ. ಕೇಳಿದ್ರೆ ನಿಮ್ಮೂರವಳೇ ಅನ್ನಬೇಕು.” ಆಮೇಲೆ, ಆ ನಗು ಮಾತ್ರ ಹಳೆಯ ರೆಕಾರ್ಡಿನಿಂದಲೇ ತೆಗೆದು ಹಾಕಿಕೊಳ್ಳುತ್ತೇವೆ, ನಿಮ್ಮ ಅಭ್ಯಂತರ ಇಲ್ಲವಷ್ಟೇ ಎಂದು ಕೇಳಿದ.

“ಇಲ್ಲ ಸರ್, ಧನ್ಯವಾದಗಳು” ಎಂದಳು ರೇಣುಕಾ. ಒಂದಕ್ಷರವೂ ಸೋರಲಿಲ್ಲ.

ಫೋನು ಇಟ್ಟು ನೆಲದ ಮೇಲೆ ಕುಸಿದು ಕೂತಳು. ಅಳು ಒಳಗಿಂದ ಒದ್ದುಕೊಂಡು ಬಂತು, ತಡೆಯಲಾಗಲಿಲ್ಲ. ಎರ್ರೆಮ್ಮ ಒಲೆ ಬಿಟ್ಟು ಓಡಿಬಂದು ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಗದ್ದೆಯ ಕೆಸರಿನಿಂದ ಬಿರಿದ ಕೈಯಿಂದ ಕೂದಲು ಸವರಿದಳು. ಒಂದೇ ಒಂದು ಮಾತು, ಚಿಕ್ಕವಳಿದ್ದಾಗ ಅಂದಂತೆ ಒಂದೇ ಒಂದು ಮಾತು ಅನ್ನಲಿ ಎಂದು ರೇಣುಕಾ ಬಿಕ್ಕುತ್ತಲೇ ಕಾದಳು. ಎರ್ರೆಮ್ಮನ ತುಟಿ ಅಲುಗಿತು, ಏನೋ ಬಾಯಿಗೆ ಬಂತು, ಅದನ್ನು ನುಂಗಿಕೊಂಡಳು. ತಪ್ಪಾಗದಂತೆ, ಒಂದೊಂದೇ ಅಕ್ಷರ ಜೋಡಿಸಿಕೊಂಡು, ಹೇಳಿದಳು:

“ಅಳಬೇಡ ಮಗಳೇ. ದಯವಿಟ್ಟು ಅಳಬೇಡ.”

ತಾಯಿ ಮಗಳಿಗೆ ದಯವಿಟ್ಟು ಅನ್ನುವ ಮನೆ ಆ ಕೇರಿಯಲ್ಲಿ ಇನ್ನೊಂದಿರಲಿಲ್ಲ.