ದುರುಗುಟ್ಟುವ ಸೊಸೆ, ಬಿಗಿಯಾದ ಟೀಕಿ

ಹೋದ ವಾರ ಸೊಸೆಯನ್ನು ತವರಿಗೆ ಬಿಟ್ಟುಬರಲು ಹೊರಟಿದ್ದೆ. ಹಬ್ಬಕ್ಕಲ್ಲ, ಕಾಯಂ ಆಗಿ.

ಕಾರಣ? ಮಲ್ಲವ್ವ ನನ್ನನ್ನು ದುರುಗುಟ್ಟಿ ನೋಡುತ್ತಿದ್ದಳು. ನೀರು ತಾ ಅಂದರೂ ಅದೇ ನೋಟ, ಉಣ್ಣಲು ಬಾ ಅಂದರೂ ಅದೇ ನೋಟ. ಐದು ರೊಟ್ಟಿ ತಿನ್ನುತ್ತಾಳೆ, ಮೈ ಮಾತ್ರ ಒಣಗುತ್ತದೆ. ರೊಟ್ಟಿ ಬಡಿಯಲು ಕೂತರೆ ಕೈ ನಡುಗಿ ಅಂಚು ಹರಿಯುತ್ತದೆ. (ಬೇಕಂತಲೇ ಹರಿಯುತ್ತಾಳೆ ಎಂದು ಕಲ್ಲೋಳಿಯ ಅರ್ಧ ಓಣಿಗೆ ನಾನೇ ಹೇಳಿದ್ದೆ.) ಮಗ ಏನೆಂದ? ಅವನು ಯಾವತ್ತು ಏನೆಂದಿದ್ದಾನೆ?

ತವರು ಯಮಕನಮರಡಿ. ಗೋಕಾಕದಲ್ಲಿ ಬಸ್ಸು ಬದಲಿಸಬೇಕು. ಆಕೆಯ ಕುತ್ತಿಗೆಗೆ ಅಂಟಿ ಕೂರುವ ಬಂಗಾರದ ಟೀಕಿ ನಮ್ಮ ಮನೆಯದು, ಬಿಚ್ಚಿಕೊಂಡೇ ಕಳಿಸೋಣ ಅಂದುಕೊಂಡೆ. ಗಂಟು ಬಿಚ್ಚಲಿಲ್ಲ. ದಾರ ಕತ್ತರಿಸಿದರೆ ಮಣಿ ಚೆಲ್ಲುತ್ತವೆ. ಅದನ್ನು ಪೋಣಿಸಿದ ಅಕ್ಕಸಾಲಿಗ, ಗೋಕಾಕದ ಪತ್ತಾರನ ಅಂಗಡಿಗೇ ಕರೆದೊಯ್ದೆ.

ಮುದುಕ ಗಂಟು ಮುಟ್ಟಲಿಲ್ಲ. ಕುತ್ತಿಗೆ ನೋಡಿದ, ಕೈ ನೋಡಿದ.

“ಅವ್ವಾರ, ಲಗ್ನದಾಗ ಅಳತಿ ತಗೊಂಡಾಂವ ನಾನೇ. ಈಗ ಟೀಕಿ ಉಸಿರು ಕಟ್ಟಸಾಕತ್ತೈತಿ.”

“ತಿಂದು ಕೊಬ್ಬ್ಯಾಳ್ರಿ. ಬಿಚ್ಚಿ ಕೊಡ್ರಿ, ತವರಿಗೆ ಬಿಡಾಕ ಹೊಂಟೇನಿ.”

“ಕೊಬ್ಬಿದ್ರ ಬಳಿ ಯಾಕ ಮೊಣಕೈತನಕ ಜಾರತಾವ್ರಿ? ಮೈ ಇಳದೈತಿ, ಕುತ್ತಿಗಿ ಅಷ್ಟೇ ಬೆಳದೈತಿ. ತವರಿಗೆ ಆಮ್ಯಾಲ ಬಿಡ್ರಿ, ಮೊದಲ ದವಾಖಾನಿಗೆ ಹೋಗ್ರಿ.”

ಪತ್ತಾರನಿಗೆ ಕಂಡದ್ದು ಎರಡು ಹೊತ್ತೂ ಎದುರಿಗೆ ಕೂರುವ ಅತ್ತೆಗೆ ಯಾಕೆ ಕಾಣಲಿಲ್ಲ? ನಾನು ಕಣ್ಣನ್ನಷ್ಟೇ ನೋಡುತ್ತಿದ್ದೆ.

ಅಲ್ಲಿಂದ ನೇರ ದವಾಖಾನೆಗೆ ಹೋದೆವು. ಕುತ್ತಿಗೆಯಲ್ಲಿ ಥೈರಾಯ್ಡ್ ಅಂತ ಒಂದು ಗ್ರಂಥಿ ಇದೆಯಂತೆ. ಅದರ ರಸ ಹೆಚ್ಚಾದರೆ ಎದೆ ಓಡುತ್ತದೆ, ಕೈ ನಡುಗುತ್ತದೆ, ತಿಂದದ್ದು ಮೈಗೆ ಹತ್ತುವುದಿಲ್ಲ.

“ಆಕಿ ದುರುಗುಟ್ಟಾಕತ್ತಿಲ್ಲ ಅವ್ವಾ,” ಅಂದರು ಡಾಕ್ಟರ್. “ಈ ಬ್ಯಾನ್ಯಾಗ ಕಣ್ಣು ಮುಂದ ಬರತಾವ. ಗುಳಿಗಿ ಕೊಡತೇನಿ, ರಸ ಹತೋಟಿಗೆ ಬರತೈತಿ.”

“ಆಕಿಗೇ ಯಾಕ ಬಂತ್ರಿ?”

“ರೋಗದ ಕೂಡ ಹೊಡದಾಡಾಕ ರಕ್ತದಾಗ ಕಾವಲುಗಾರರು ಇರತಾರ. ಅವರೇ ತಪ್ಪು ತಿಳಕೊಂಡು ಈ ಗ್ರಂಥಿ ಬೆನ್ನು ಹತ್ತತಾರ.”

ನಾನು ನಂಬಲಿಲ್ಲ. “ಮನಿ ಕಾಯೋರು ಮನಿಯವರಿಗೇ ಕಾಟ ಕೊಡತಾರೇನ್ರಿ?”

ಡಾಕ್ಟರ್ ಬಾಯಿ ತೆರೆಯುವ ಮೊದಲೇ ಮಲ್ಲವ್ವ ನನ್ನತ್ತ ತಿರುಗಿದಳು.

“ಕೊಡತಾರ, ಅತ್ತಿ.”

ಪತ್ತಾರನಿಂದ ಟೀಕಿಯ ದಾರ ಸಡಿಲು ಮಾಡಿಸಿ, ಇಬ್ಬರೂ ಕಲ್ಲೋಳಿಯ ಬಸ್ಸು ಹತ್ತಿದೆವು. ದಿನಕ್ಕೆ ಮೂರು ಗುಳಿಗೆ ನಾನೇ ಎಣಿಸಿ ಕೊಡುತ್ತೇನೆ. ಕಣ್ಣು ನಿಧಾನವಾಗಿ ಹಿಂದೆ ಸರಿಯಬಹುದಂತೆ.

ಆದರೆ ದವಾಖಾನೆಯಲ್ಲಿ ನನ್ನನ್ನು ನೋಡಿದಳಲ್ಲ, ಆ ನೋಟ ಖರೆಯದು. ಅದಕ್ಕೆ ಗುಳಿಗೆ ಇಲ್ಲ.