ಅತ್ತೆಯ ಹಾಡು, ನನ್ನ ಚೀಟಿ

ದಿಂಡಿಗಲ್‌ನಲ್ಲಿ ಕೂತು ಕಂಡವರ ಮದುವೆಯ ವಿಡಿಯೋಗಳನ್ನು ಜೋಪಾನ ಮಾಡುವುದು ನನ್ನ ಕಸುಬು. ಇದುವರೆಗೆ ನಾನು ಕಳೆದುಹಾಕಿದ್ದು ಒಂದೇ ಒಂದು ಹಾಡು. ಹೇಳಲು ನಾಚಿಕೆ, ಅದು ನಮ್ಮ ಮನೆಯದು.

ಕಡತಗಳು ದೊಡ್ಡವು, ಡಿಸ್ಕ್ ಚಿಕ್ಕದು. ಅದಕ್ಕೇ ಆವೃತ್ತಿಗಳ ಲೆಕ್ಕ ಇಡುವ ಸಾಫ್ಟ್‌ವೇರ್ ಒಂದನ್ನು ಕಲಿತೆ. ಮಾಡಿದ ತಿದ್ದುಪಡಿಯನ್ನೆಲ್ಲ ಅದು ನೆನಪಿಟ್ಟುಕೊಳ್ಳುತ್ತದೆ. ದೊಡ್ಡ ಕಡತವನ್ನು ಎಲ್ಲೋ ದೂರದ ಸರ್ವರಿಗೆ ಸಾಗಿಸಿ, ನಮ್ಮ ಬಳಿ ‘ಇಂಥದ್ದು, ಇಷ್ಟು ದೊಡ್ಡದು, ಅಲ್ಲಿದೆ’ ಎಂಬ ಮೂರು ಸಾಲಿನ ಚೀಟಿ ಬಿಡುತ್ತದೆ. ಪರವೂರಲ್ಲಿ ಕಣಜವಿಟ್ಟು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಯಜಮಾನನ ಹಾಗೆ ಓಡಾಡಿಕೊಂಡಿದ್ದೆ.

ತಮಿಳುನಾಡಿನ ಕನ್ನಡದವರಾದ ನಮ್ಮಲ್ಲಿ ಮದುಮಗಳಿಗೆ ಅರಿಸಿನ ಹಚ್ಚುವಾಗ ಸೋದರತ್ತೆ ಹಾಡಬೇಕು, ಹಾಡಿನಲ್ಲಿ ತವರಿನವರ ಹೆಸರು ಒಂದೊಂದಾಗಿ ಬರಬೇಕು. ಸತ್ತವರ ಹೆಸರನ್ನೂ ತೆಗೆಯುವಂತಿಲ್ಲ. ಜಗಳವಾಡಿದವರದು ಮಾತ್ರ ಹೋಗಿ ಬಂದು ಮಾಡುತ್ತಿರುತ್ತದೆ. ತೇವಾರಂನಲ್ಲಿರುವ ಅತ್ತೆಗೆ, ಅಂದರೆ ಅಪ್ಪನ ಅಕ್ಕನಿಗೆ, ಗಂಟಲ ಆಪರೇಷನ್ ಇತ್ತು. ದನಿ ಉಳಿಯುತ್ತದೋ ಇಲ್ಲವೋ ಎಂದು ತಂಗಿಯ ಮದುವೆಯ ಹಾಡನ್ನು ಮುಂಚೆಯೇ ರೆಕಾರ್ಡ್ ಮಾಡಲು ಹೋದೆ. ಅತ್ತೆ ಎಲ್ಲರ ಹೆಸರು ಹಾಡಿ, ಅಪ್ಪನ ಹೆಸರಿನ ಜಾಗದಲ್ಲಿ ಸುಮ್ಮನಾಗಿಬಿಟ್ಟರು. ಅಪ್ಪ ತಟ್ಟೆ, ವೀಳ್ಯದೆಲೆ ಹಿಡಿದು ಬಂದು ಕರೆಯದೆ ಮದುವೆ ಪತ್ರಿಕೆಯ ಫೋಟೋ ಕಳಿಸಿದ್ದರಂತೆ. ಅತ್ತೆಯ ಕನ್ನಡದಲ್ಲಿ ಅರ್ಧ ತಮಿಳು: ಹೆಸರು ‘ಪೇರು’, ಹಾಡು ‘ಪಾಟ್ಟು’, ಮುದ್ದಿನವರೆಲ್ಲ ‘ಕಣ್ಣು’.

“ಪತ್ರಿಕೆ ಫೋನ್ನಾಗೆ ಬಂತು. ಅವನ ಪೇರೂ ಫೋನ್ನಾಗೇ ಇರ್ಲಿ ಬಿಡು ಕಣ್ಣು!”

ಕೋಪದಲ್ಲಿ ತನ್ನ ದನಿ ಚೆನ್ನಾಗಿ ಬಂದಿದೆಯೆಂದು ಆ ಹಾಡನ್ನು ತನ್ನ ಫೋನಿಗೂ ಹಾಕಿಸಿಕೊಂಡರು. ಸುದ್ದಿ ತಿಳಿದ ಅಪ್ಪ ತಟ್ಟೆ ಹಿಡಿದು ನಮ್ಮೂರು ಮಾರ್ಕಯನ್‌ಕೋಟ್ಟೈಯಲ್ಲಿ ತೇವಾರಂನ ಬಸ್ಸು ಹತ್ತಿದರು. ಅತ್ತೆ ಮತ್ತೆ ಹಾಡಿದರು, ಅಪ್ಪನ ಹೆಸರನ್ನು ಎರಡೆರಡು ಸಲ ಸೇರಿಸಿ. ನಾನು ಅಲ್ಲಿಂದಲೇ ಸರ್ವರಿಗೆ ಕಳಿಸಿದೆ. ಬೆಟ್ಟದ ಬುಡದ ಸಿಗ್ನಲ್ಲು ನೋಡಿ, ಚೀಟಿ ಬಂತು, ಹಾಡು ಹೋಗಲಿಲ್ಲ. ಅದನ್ನು ಪರೀಕ್ಷಿಸದೆ, ಜಾಗ ಸಾಲದೆಂದು ಮೂಲವನ್ನು ಅಳಿಸಿದೆ.

ಮದುವೆಯ ವಾರ ತೆರೆದು ನೋಡಿದರೆ ಮೂರು ಸಾಲು. ಆಪರೇಷನ್ ಆಗಿ ಅತ್ತೆಗೆ ಉಳಿದದ್ದು ಪಿಸುದನಿ ಮಾತ್ರ. ನನ್ನ ವಿವರಣೆಯನ್ನೆಲ್ಲ ತಾಳ್ಮೆಯಿಂದ ಕೇಳಿದರು.

“ಸರಿ, ಚೀಟಿ ಐತೆ. ಪಾಟ್ಟೆಲ್ಲಿ ಕಣ್ಣು?”

ನನಗೆ ಅಳು ಬಂದುಬಿಟ್ಟಿತು. ಉಳಿದಿದ್ದದ್ದು ಅತ್ತೆಯ ಫೋನಿನಲ್ಲಿದ್ದ ಕೋಪದ ಹಾಡೊಂದೇ. ಮಗಳ ಮದುವೆಯಲ್ಲಿ ಹೆತ್ತ ಅಪ್ಪನ ಹೆಸರೇ ಇಲ್ಲದ ಹಾಡು, ಅದೂ ನೆಂಟರೆಲ್ಲರ ಮುಂದೆ!

“ಅದನ್ನೇ ಹಾಕು. ತಪ್ಪು ನಂದೇ ಅಲ್ವಾ,” ಎಂದರು ಅಪ್ಪ, ಯಾರ ಮುಖವನ್ನೂ ನೋಡದೆ.

ಅರಿಸಿನದ ದಿನ ಸ್ಪೀಕರಿನಲ್ಲಿ ಹೆಸರುಗಳು ಬರುತ್ತಾ ಹೋದವು. ಖಾಲಿ ಜಾಗ ಬಂತು. ಅತ್ತೆ ಅರಿಸಿನದ ಕೈಯಲ್ಲೇ ಎದ್ದು ನಿಂತು, ಹರಿದ ದನಿಯಲ್ಲಿ ತಮ್ಮನ ಹೆಸರನ್ನು ಕೂಗಿಬಿಟ್ಟರು. ತಾಳ ತಪ್ಪಲಿಲ್ಲ.

ಕ್ಯಾಮೆರಾ ನನ್ನ ಕೈಯಲ್ಲೇ ಇತ್ತು. ಆದರೆ ನಾನು ಕಣ್ಣೊರೆಸಿಕೊಳ್ಳುತ್ತಿದ್ದೆ. ಹಾಗಾಗಿ ಆ ಆವೃತ್ತಿ ಯಾವ ಸರ್ವರಿನಲ್ಲೂ ಇಲ್ಲ. ಬೇಕಾದವರು ಅಪ್ಪನನ್ನು ಕೇಳಬಹುದು. ಕೇಳದಿದ್ದರೂ ಹೇಳುತ್ತಾರೆ.